ಗೋಡೆಯಾಚೆಗೂ ತಿಳಿಯಬೇಕಾದ ಪದ

ಕಿಟಕಿಯ ಅಂಚಿಗೆ ಈಗಷ್ಟೇ ಬೆಳಕು ಹತ್ತುತ್ತಿದೆ. ಅಡುಗೆಮನೆಯಲ್ಲಿ ಗಂಡ ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತಿದ್ದಾರೆ. ನಲ್ಲಿ ಸುರಿಯುತ್ತಿದೆ, ಒಲೆಯ ಮೇಲೆ ನೀರು ಕುದಿಯುತ್ತಿದೆ. ಗೋಡೆಯ ಈಚೆ, ಮಂಚಕ್ಕೆ ಒತ್ತಿಕೊಂಡ ಪುಟ್ಟ ಮೇಜಿನ ಮುಂದೆ ಕುಳಿತ ಹೆಂಡತಿ ಒಂದು ಲ್ಯಾಟ್ವಿಯನ್ ಪದವನ್ನು ಗಟ್ಟಿಯಾಗಿ ಹೇಳಿ ಕಿವಿಗೊಡುತ್ತಾರೆ. ಆಚೆ ಚಾಕು ಕೆಳಗಿಟ್ಟ ಸದ್ದು, ಆಮೇಲೆ ನಲ್ಲಿ ನಿಂತ ಸದ್ದು. ‘ಮುಚ್ಚಿ’ ಎನ್ನುವ ಪದ ತೇರ್ಗಡೆಯಾಯಿತು.

ಈ ಕಟ್ಟಡದವರೆಲ್ಲ ಅವರನ್ನು ಕರೆಯುವುದು ‘ಪದದಕ್ಕ’ ಎಂದು. ಇಂಗ್ಲಿಷ್ ಪದಗಳಿಗೆ ಲ್ಯಾಟ್ವಿಯನ್ ಪದ ಹುಡುಕುವುದು ಅವರ ಕಸುಬು. ಕತೆ ಕಾವ್ಯಗಳದ್ದಲ್ಲ, ಬಟ್ಟೆ ಒಗೆಯುವ ಯಂತ್ರದ ಗುಂಡಿ, ಮಾತ್ರೆಯ ಡಬ್ಬಿ, ಲಿಫ್ಟಿನೊಳಗಿನ ಎಚ್ಚರಿಕೆ, ಇಂಥವು. ದಿನಕ್ಕೆ ಮೂವತ್ತು ಪದ ಕೈಗೆ ಬಂದರೆ ಸಂಜೆಗೆ ಮನಸ್ಸಿಗೆ ಒಪ್ಪುವುದು ಹತ್ತೋ ಹನ್ನೆರಡೋ. ಒಪ್ಪಿದ್ದನ್ನು ಕೇಳಿ ಆಚೆಯ ಗಂಡ ಹಾಗೇ ಮಾಡಿದರೆ ಪದ ಗೋಡೆ ದಾಟಿದಂತೆ, ಉಳಿದವನ್ನು ಮರುದಿನ ಮತ್ತೆ ಹುಡುಕಬೇಕು.

ಗೋಡೆಯ ಈ ಪರೀಕ್ಷೆ ಹಳೆಯ ಕೆಲಸದ ಬಳುವಳಿ. ಹರೆಯದಲ್ಲಿ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಪರದೇಶದ ಕರೆಗಳನ್ನು ಜೋಡಿಸುತ್ತಿದ್ದರು. ಇಂಗ್ಲಿಷ್ ಅಂಟಿಕೊಂಡಿದ್ದು ಅಲ್ಲೇ. ಎಕ್ಸ್‌ಚೇಂಜ್ ಮುಚ್ಚಿದಾಗ ಕಿವಿಯೊಂದೇ ಆಸ್ತಿಯಾಗಿ ಉಳಿಯಿತು. ಲ್ಯಾಟ್ವಿಯನ್ನಿನಲ್ಲಿ ಒತ್ತು ಬೀಳುವುದು ಸಾಮಾನ್ಯವಾಗಿ ಪದದ ಮೊದಲ ತುಣುಕಿನ ಮೇಲೆ. “ಗಾಬರಿ ಆದವರಿಗೆ ಪದದ ತಲೆ ಮಾತ್ರ ಕೇಳ್ಸುತ್ತೆ. ಅರ್ಥಾನ ಬಾಲದಲ್ಲಿ ಬಚ್ಚಿಟ್ರೆ ಅವರೆಲ್ಲಿ ಹುಡುಕ್ತಾರೆ?” ಎನ್ನುತ್ತಾರೆ.

ಈ ಸಲ ಕೈಗೆ ಬಂದಿರುವುದು ಮೂತ್ರಪಿಂಡ ಸೋತವರು ಮನೆಯಲ್ಲೇ ಬಳಸುವ ಯಂತ್ರದ ಪದಗಳು. ಹೊಟ್ಟೆಯೊಳಗೆ ಔಷಧದ ನೀರು ಬಿಟ್ಟು, ಕೆಲಹೊತ್ತು ಅಲ್ಲೇ ಇರಿಸಿ, ಕಶ್ಮಲದೊಡನೆ ಹೊರಗೆ ಸೆಳೆಯುವ ಯಂತ್ರ ಅದು. ಅದರ ಪರದೆಯ ಮಾತೆಲ್ಲ ಇಂಗ್ಲಿಷ್. ಅದೇ ಕಾಯಿಲೆಯ ಕೆಳಮನೆಯ ಬಡಗಿಗೆ ಇಂಗ್ಲಿಷ್ ಬಾರದು. ವಾರಕ್ಕೆ ಮೂರು ದಿನ ಅವನು ರಕ್ತಶುದ್ಧಿಗೆಂದು ಆಸ್ಪತ್ರೆಯಲ್ಲಿ ಮಲಗುತ್ತಾನೆ. ಅರೆಬರೆಯಾದ ಬಾಗಿಲುಗಳು ಅವನ ಅಂಗಡಿಯ ಗೋಡೆಗೆ ಒರಗಿಕೊಂಡಿವೆ. ಪರದೆ ನೋಡಿಕೊಂಡು ಯಾರ ಸಹಾಯವೂ ಇಲ್ಲದೆ ಯಂತ್ರ ನಡೆಸಿ ತೋರಿಸಿದರೆ ಮಾತ್ರ ಅದನ್ನು ಮನೆಗೆ ಕೊಡುತ್ತೇವೆ ಎಂದು ಆಸ್ಪತ್ರೆಯವರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ.

ಪದದಕ್ಕ ಅಷ್ಟೂ ಪದಗಳನ್ನು ಗೋಡೆ ದಾಟಿಸಿ ಕಳಿಸಿದರು. ಬಡಗಿ ಪರೀಕ್ಷೆಗೆ ಕುಳಿತ. ನೀರು ಒಳಗೆ ಹೋಗುವವರೆಗೆ ಎಲ್ಲ ಸುಸೂತ್ರ. ಅದು ಹೊಟ್ಟೆಯಲ್ಲಿ ತಂಗುವ ಹೊತ್ತಿಗೆ ಪರದೆಯ ಮೇಲೆ ಒಂದು ಉದ್ದನೆಯ, ಗಂಭೀರವಾದ ಪದ ಮೂಡಿತು. ಬಡಗಿ ಅದನ್ನೇ ನೋಡುತ್ತ ಕುಳಿತ. ಕೊನೆಗೆ ಎದ್ದು ನರ್ಸನ್ನು ಕೂಗಿದ. ಅಲ್ಲಿಗೆ ಪರೀಕ್ಷೆ ಮುಗಿಯಿತು.

“ಪದ ಚೆನ್ನಾಗೇ ಇತ್ತಕ್ಕ, ಮಂತ್ರದ ಹಾಗೆ. ಆದ್ರೆ ನಾನೇನು ಮಾಡ್ಬೇಕು ಅಂತ ಅದು ಹೇಳ್ಲಿಲ್ಲ,” ಎಂದನಂತೆ ಮೆಟ್ಟಿಲ ಬಳಿ ಸಿಕ್ಕಾಗ.

ಅಂದು ಊಟಕ್ಕೆ ಕುಳಿತಾಗಲೂ ಪದದಕ್ಕನಿಗೆ ಅದೇ ಯೋಚನೆ. ಗೋಡೆ ದಾಟಿದ ಪದ ಆಸ್ಪತ್ರೆಯಲ್ಲಿ ಮುಗ್ಗರಿಸಿದ್ದು ಹೇಗೆ? ಗಂಡನನ್ನೇ ಕೇಳಿದರು. ಹಿಂದೆ ಟ್ರಾಮ್ ಓಡಿಸುತ್ತಿದ್ದ ಅವರು ತಟ್ಟೆಯಿಂದ ತಲೆ ಎತ್ತದೆ, “ನೀನು ಕೆಮ್ಮಿದ್ರೇ ನನಗೆ ಅರ್ಥ ಆಗುತ್ತೆ ಮಾರಾಯ್ತಿ. ನನಗ್ಯಾಕೆ ಪದ?” ಎಂದರು.

ಗೋಡೆಯೇನೋ ಗಟ್ಟಿಯಾಗಿತ್ತು, ಗಂಡನೇ ಪೊಳ್ಳು. ಇಷ್ಟು ವರ್ಷ ಸಂಸಾರ ಮಾಡಿದವರು ಹೆಂಡತಿಯ ಯಾವ ಪದವನ್ನು ತಾನೇ ಅನುತ್ತೀರ್ಣ ಮಾಡಿಯಾರು? ಪದದಕ್ಕ ಸೆರಗು ಬಿಗಿದವರಂತೆ ಎದ್ದು, ಒಪ್ಪಿತವಾದ ಪದಗಳನ್ನೆಲ್ಲ ಮತ್ತೆ ಮೊದಲಿಂದ ಹಿಡಿದರು. ಈಗ ಪರೀಕ್ಷೆ ಅಪರಿಚಿತರ ಮೇಲೆ: ಮೆಟ್ಟಿಲು ಒರೆಸುವವಳು, ಲಿಫ್ಟ್ ರಿಪೇರಿಯವನು, ಬೀದಿ ಮೂಲೆಯ ಲಾಂಡ್ರಿಯ ಒಡತಿ. ಕೈ ಕೆಲಸದಲ್ಲಿರಬೇಕು, ಕಣ್ಣು ಬೇರೆಲ್ಲೋ ಇರಬೇಕು. ಮೆಟ್ಟಿಲು ಒರೆಸುವವಳು ಒಂದು ದಿನ ಬಕೆಟ್ ಕುಕ್ಕಿ, ಆಜ್ಞೆ ಮಾಡುವುದಿದ್ದರೆ ಒಂದು ಮೆಟ್ಟಿಲನ್ನಾದರೂ ಒರೆಸಿಕೊಡಿ ಎಂದಳಂತೆ. ಒರೆಸಿಕೊಟ್ಟರು.

ನೀರು ತಂಗುವ ಹೊತ್ತಿಗೆಂದು ಅವರು ಆ ಘನವಾದ ಪದವನ್ನೇ ಬಿಟ್ಟು, ಆಡುಮಾತಿನ ಪುಟ್ಟ ವಾಕ್ಯ ಇಟ್ಟರು: ‘ನೀರು ಒಳಗಿದೆ, ಕಾಯಿರಿ.’ ಯಂತ್ರಗಳ ಗದ್ದಲದ ನಡುವೆ ಅದನ್ನು ಕೂಗಿದಾಗ ಲಾಂಡ್ರಿಯ ಒಡತಿ ತಿರುಗಿಯೂ ನೋಡಲಿಲ್ಲ. ಒದ್ದೆ ಕೈಯನ್ನು ಸೊಂಟಕ್ಕೊರೆಸಿ ಸ್ಟೂಲಿನ ಮೇಲೆ ಕುಳಿತಳು.

ಯಂತ್ರ ಮಾಡುವ ಕಂಪನಿಯ ಮೇಲ್ವಿಚಾರಕರಿಗೆ ಇದು ನುಂಗಲಾರದ ತುತ್ತು. ಇಂಗ್ಲಿಷಿನಲ್ಲಿ ಒಂದೇ ಪದ, ನಿಮ್ಮದು ಇಷ್ಟುದ್ದ, ಪರದೆಯಲ್ಲಿ ಜಾಗವಿಲ್ಲ, ಇಂಗ್ಲಿಷನ್ನೇ ಉಳಿಸೋಣ ಎಂದು ಪಟ್ಟು ಹಿಡಿದರು. ಪದದಕ್ಕ ಬಸ್ಸು ಹತ್ತಿ ಅವರ ಕಚೇರಿಗೇ ಹೋದರು, ಒಮ್ಮೆಯಲ್ಲ, ಮತ್ತೆ ಮತ್ತೆ. ಕೊನೆಗೆ ಯಂತ್ರದ ಚಿತ್ರವನ್ನು ಮೇಜಿನ ಮೇಲೆ ಹರಡಿ, ದನಿ ಏರಿಸದೆ ಹೇಳಿದರು: “ಕಂಪನಿ ಹೆಸರು ಇಲ್ಲಿ ಇಷ್ಟಗಲ ಕಾಲು ಚಾಚಿ ಮಲಗಿದೆಯಲ್ಲ ಸಾರ್, ಅದಕ್ಕೆ ಒಂಚೂರು ಪಕ್ಕಕ್ಕೆ ಸರಿಯೋಕೆ ಹೇಳಿ.”

ಹೆಸರು ಸರಿಯಿತು.

ಎರಡನೆಯ ಪರೀಕ್ಷೆಯ ಬೆಳಿಗ್ಗೆ ಅವರು ಆಸ್ಪತ್ರೆಯ ಮುಚ್ಚಿದ ಬಾಗಿಲಿನ ಹೊರಗೆ, ಬೆಂಚಿನ ತುದಿಯಲ್ಲಿ ಕುಳಿತಿದ್ದಾರೆ. ಒಳಗೆ ಯಂತ್ರ ಕೂಗುತ್ತದೆ, ಸುಮ್ಮನಾಗುತ್ತದೆ. ತಂಗುವ ಹೊತ್ತು ಬಂತು. ಕುರ್ಚಿ ಸರಿದ ಸದ್ದಿಲ್ಲ, ನರ್ಸನ್ನು ಕರೆದ ದನಿಯಿಲ್ಲ. ಪದದಕ್ಕನ ತುಟಿ ಮಾತ್ರ ಪ್ರಾರ್ಥನೆಗೆಂಬಂತೆ ಅಲುಗುತ್ತಿದೆ.

ಬಾಗಿಲು ತೆರೆಯುತ್ತದೆ. ಮುಂದಿನ ವಾರವೇ ಯಂತ್ರ ಮನೆಗೆ ಬರುತ್ತದೆ ಎನ್ನುತ್ತಾಳೆ ನರ್ಸ್. ಹಿಂದೆಯೇ ಬಂದ ಬಡಗಿ ಅಂಗಿಯ ತೋಳು ಇಳಿಸಿಕೊಳ್ಳುತ್ತ ಕೇಳುತ್ತಾನೆ: “ಯಾವ ಮಾತಿಗಕ್ಕ ನೀವು ಅಷ್ಟೊಂದು ಒದ್ದಾಡಿದ್ದು? ನನಗೆ ಗೊತ್ತೇ ಆಗ್ಲಿಲ್ಲ.”

ಪದದಕ್ಕ ಚೀಲ ಹೆಗಲಿಗೇರಿಸಿ ಏಳುತ್ತಾರೆ. “ಇಷ್ಟು ವರ್ಷದಲ್ಲಿ,” ಎನ್ನುತ್ತಾರೆ ಮೆಲ್ಲಗೆ, “ಇಷ್ಟು ಒಳ್ಳೆ ಮಾತನ್ನ ನನಗೆ ಯಾರೂ ಹೇಳಿರ್ಲಿಲ್ಲ.”