ಮೆಷಿನ್ ನಿಂತಿತು, ಹಗ್ಗ ಖಾಲಿಯಾಯಿತು

ನಮ್ಮ ಅತ್ತೆ ತೀರಿಕೊಂಡರೋ ಏನೋ ಎಂದು ವಿಚಾರಿಸಲು ಎದುರು ಬಿಲ್ಡಿಂಗಿನಿಂದ ಮೂವರು ಹೆಂಗಸರು ಬಂದು ಬಾಗಿಲಲ್ಲಿ ನಿಂತಾಗ, ಅತ್ತೆ ಮಂಚದ ಮೇಲೆ ದಿಂಬಿಗೊರಗಿ ಗಂಜಿ ಉಣ್ಣುತ್ತಿದ್ದರು. ಉಪ್ಪಿನಕಾಯಿ ಸಾಲಲಿಲ್ಲವೆಂದು ನನ್ನ ಮೇಲೆ ಸಿಟ್ಟೂ ಮಾಡಿಕೊಂಡಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಹೊದ್ದು, ದನಿ ತಗ್ಗಿಸಿ ನಿಂತ ಆ ಮೂವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ. ಇದಕ್ಕೆಲ್ಲ ಕಾರಣ ನಮ್ಮ ವಾಷಿಂಗ್ ಮೆಷಿನ್ ಎಂದರೆ ಊರಿನವರಾದ ನೀವು ನಗಬಹುದು. ಆದರೂ ಬರೆಯುತ್ತೇನೆ.

ನಾವು ಉಡುಪಿ ಕಡೆಯವರು. ಇವರು ಮುಂಬೈ ಪಕ್ಕದ ಠಾಣೆಯಲ್ಲಿ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್. ಡೊಂಬಿವಲಿಯ ಬಾಡಿಗೆ ಮನೆಯಿಂದ ದಿನಾ ಬೆಳಗ್ಗೆ ಲೋಕಲ್ ರೈಲು ಹಿಡಿದು ಹೋಗುತ್ತಾರೆ. ಮೊದಲ ಸಲ ಆ ಲೋಕಲಿಗೆ ನಾನು ಹತ್ತಿದ್ದಲ್ಲ, ಹಿಂದಿನವರು ನನ್ನನ್ನು ಹತ್ತಿಸಿದ್ದು. ಒಳಗೆ ಕಾಲಿಡಲು ಜಾಗವಿಲ್ಲ, ಅಲ್ಲೊಬ್ಬಳು ಆರಾಮಾಗಿ ಮೆಂತೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು! ಬಿಡಿಸಿ ಮುಗಿಯಲಿಲ್ಲವೆಂದು ಪಕ್ಕದವಳ ಮಡಿಲಿಗೂ ಒಂದು ಕಟ್ಟು ಹಾಕಿದಳು. ಪಕ್ಕದವಳು ಪರಿಚಯದವಳೇನಲ್ಲ. ಅಬ್ಬಾ, ಎಂಥ ಜನ ಇವರು ಎಂದು ನಾನು ಕಣ್ಣು ಬಿಟ್ಟುಕೊಂಡು ನೋಡಿದ್ದೇ ನೋಡಿದ್ದು.

ಊರಿನಲ್ಲಿ ಬಟ್ಟೆ ಒಣಗುವುದು ಹಿತ್ತಿಲಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ. ಇಲ್ಲಿ ಹಿತ್ತಿಲು ಎಲ್ಲಿಂದ ತರುವುದು? ಕಿಟಕಿಯ ಹೊರಗೆ ಪೆಟ್ಟಿಗೆಯ ಹಾಗೆ ಒಂದು ಗ್ರಿಲ್, ಅದರೊಳಗೆ ನಾಲ್ಕಾರು ಹಗ್ಗ. ಬಟ್ಟೆಯನ್ನು ಕಾಠಿಯ ತುದಿಗೆ ಸಿಕ್ಕಿಸಿ ಮೇಲೆ ಹಾಕಬೇಕು. ಕಾಠಿ ಎಂದರೆ ಉದ್ದನೆಯ ಕೋಲು, ಇಲ್ಲಿ ಪೊರಕೆಯಷ್ಟೇ ಅಗತ್ಯದ ವಸ್ತು. ನಮ್ಮ ಕಿಟಕಿಗೂ ಎದುರು ಬಿಲ್ಡಿಂಗಿನ ಕಿಟಕಿಗೂ ನಡುವೆ ಒಂದು ರಿಕ್ಷಾ ಹೋಗುವಷ್ಟು ಜಾಗ. ಅತ್ತೆ ಹಾಸಿಗೆ ಹಿಡಿದ ಮೇಲೆ ದಿನಾ ಅವರ ಬೆಡ್‌ಶೀಟು, ಹಳೆ ಸೀರೆಯ ತುಂಡು, ಎಲ್ಲ ಒದ್ದೆಯಾಗುತ್ತದೆ. ಬೆಳಗ್ಗೆ ನಲ್ಲಿಯಲ್ಲಿ ನೀರು ಬಂದ ಕೂಡಲೇ ಮೆಷಿನ್ನಿಗೆ ಹಾಕುವುದು, ಆಮೇಲೆ ಗ್ರಿಲ್ಲಿನ ಹಿಂದಿನ ಹಗ್ಗಕ್ಕೆ ಅವನ್ನು ಹಾಕಿ ಮುಂದಿನ ಹಗ್ಗಕ್ಕೆ ಒಳ್ಳೆಯ ಟವೆಲು ಹಾಕಿ ಮರೆಮಾಡುವುದು. ಯಾರೂ ನೋಡುತ್ತಿಲ್ಲ ಎಂದೇ ನಾನು ತಿಳಿದುಕೊಂಡಿದ್ದೆ.

ಗಣಪತಿ ಹಬ್ಬದ ಹಿಂದಿನ ದಿನ ಮೆಷಿನ್ ನಿಂತಿತು. ಬಟನ್ ಒತ್ತಿದರೆ ಲೈಟಿಲ್ಲ, ಸದ್ದಿಲ್ಲ. ಪ್ಲಗ್ ತೆಗೆದು ಹಾಕಿದೆ. ಅದೇ ಪ್ಲಗ್ಗಿಗೆ ಮಿಕ್ಸಿ ಹಾಕಿ ನೋಡಿದೆ, ಗುರ್ ಎಂದು ತಿರುಗಿತು. ಅಂದರೆ ಕರೆಂಟು ಉಂಟು. ಮೀಟರ್ ಪಕ್ಕದ ಸ್ವಿಚ್ಚುಗಳನ್ನೆಲ್ಲ ಕೆಳಗೆ ಮಾಡಿ ಮೇಲೆ ಮಾಡಿದೆ, ಮುಚ್ಚಳ ತೆಗೆದು ಗಟ್ಟಿಯಾಗಿ ಹಾಕಿದೆ, ಕೊನೆಗೆ ಎರಡು ಪೆಟ್ಟೂ ಕೊಟ್ಟೆ. ಊಹೂಂ.

ಇವರಿಗೆ ಫೋನ್ ಮಾಡಿದರೆ, “ಸ್ವಿಚ್ ಹಾಕಿದ್ದೀಯಲ್ಲ?” ಎಂದರು.

“ಇಲ್ಲ, ಆರತಿ ಎತ್ತಿ ಕಾಯ್ತಾ ಇದ್ದೇನೆ,” ಎಂದು ಫೋನ್ ಇಟ್ಟೆ.

ರಿಪೇರಿ ಅಂಗಡಿಗೆ ಕೇಳಿದರೆ ಮೆಕ್ಯಾನಿಕ್ ಕೊಂಕಣಕ್ಕೆ, ತನ್ನ ಊರಿಗೆ, ಹೋಗಿದ್ದಾನೆ. ಗಣಪತಿಗೆ ಇಲ್ಲಿನ ಅರ್ಧ ಜನ ಊರಿಗೆ ಹೋಗುತ್ತಾರೆ. ವಿಸರ್ಜನೆ ಆಗದೆ ಅವನು ಬರುವುದಿಲ್ಲವಂತೆ.

ಹೊರಗೆ ಬಿಡದ ಮಳೆ. ಸಣ್ಣ ಬಟ್ಟೆಗಳನ್ನು ಕೈಯಲ್ಲಿ ಒಗೆದು ಫ್ಯಾನಿನ ಕೆಳಗೆ ಹರಡಿದೆ. ಬೆಡ್‌ಶೀಟುಗಳನ್ನು ಹಿಂಡಲು ನನ್ನ ಕೈಯಲ್ಲಿ ತ್ರಾಣವಿಲ್ಲ, ಬಾತ್‌ರೂಮಿನ ಬಕೆಟಿನಲ್ಲಿ ರಾಶಿಯಾಯಿತು. ವಾಸನೆ ಹೊರಗೆ ಹೋಗದಿರಲೆಂದು ಊದುಬತ್ತಿ ಹಚ್ಚಿ ಬಾಗಿಲು ಭದ್ರ ಮಾಡಿಕೊಂಡೆ. ಮರುದಿನ ಹಬ್ಬ, ಮೇಲಿನ ಮನೆಯಲ್ಲೂ ಕೆಳಗಿನ ಮನೆಯಲ್ಲೂ ಜಾಗಟೆ, ಆರತಿ, ಮೋದಕದ ಘಮ. ನನಗೆ ಅಳು ಬರುತ್ತಿತ್ತು. ಅದೇ ಹೊತ್ತಿಗೆ ಉಡುಪಿಯಿಂದ ಭಾವನ ಫೋನು. ಇವರ ಅಣ್ಣ ಒಳ್ಳೆಯವರೇ, ಆದರೆ ಅವರಿಗೂ ಮನೆಯಲ್ಲಿ ಅನುಕೂಲವಿಲ್ಲ.

“ಇಲ್ಲೊಂದು ವೃದ್ಧಾಶ್ರಮದಲ್ಲಿ ಅಮ್ಮನಿಗೆ ಜಾಗ ಉಂಟಂತೆ. ನೋಡ್ಕೊಳ್ಲಿಕ್ಕೆ ಜನ ಇದ್ದಾರೆ. ನೀನೊಬ್ಬಳೇ ಎಷ್ಟೂಂತ ಮಾಡ್ತೀ? ಹೂಂ ಅಂತಾದ್ರೆ ನಾನೇ ಬಂದು ಕರ್ಕೊಂಡು ಹೋಗ್ತೇನೆ.”

ಮದುವೆಯಾಗಿ ಬಂದವಳಿಗೆ ಅಡುಗೆ ಕಲಿಸಿದವರು, ನನ್ನ ಬಾಣಂತನ ಮಾಡಿದವರು ಈ ಅತ್ತೆ. ಆದರೂ ಅವತ್ತು ಇವರು ಮನೆಗೆ ಬಂದಾಗ ಹೇಳಿಬಿಟ್ಟೆ, “ಕಳಿಸುವಾ. ನನ್ನಿಂದ ಇನ್ನು ಆಗುವುದಿಲ್ಲ.” ಇವರು ಹೋಗಿ ಅಮ್ಮನ ಮಂಚದ ತುದಿಯಲ್ಲಿ ಕೂತು ಅವರ ಹೊದಿಕೆ ಸರಿ ಮಾಡಿದರು. ನಾಳೆ ಭಾವನಿಗೆ ನಾನೇ ಹೇಳುತ್ತೇನೆ ಎಂದೆ.

ಆ ನಾಳೆಯೇ ಮೂವರು ಹೆಂಗಸರು ಬಂದದ್ದು.

ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡು, “ಅಗ, ಆಜಿ ಬರ‍್ಯಾ ಆಹೇತ್ ನಾ?” ಎಂದರು. ಅಜ್ಜಿ ಚೆನ್ನಾಗಿದ್ದಾರಲ್ಲವೇ ಎಂದು. ಯಾಕೆ ಕೇಳುತ್ತಿದ್ದಾರೆಂದು ನನಗೆ ಅರ್ಥವಾಗಲಿಲ್ಲ. ಆಗ ಅವರು ಹಿಂದಿ ಮರಾಠಿ ಬೆರೆಸಿ ಹೇಳಿದರು: ದಿನಾ ನಿಮ್ಮ ಹಗ್ಗದಲ್ಲಿ ಆಜಿಯ ಚಾದರ ಕಾಣುತ್ತಿತ್ತು, ಎರಡು ದಿನದಿಂದ ಹಗ್ಗ ಖಾಲಿ, ಬಾಗಿಲೂ ಹಾಕಿದೆ, ನಮಗೆಲ್ಲ ಎದೆ ಧಸಕ್ ಎಂದಿತು.

ಟವೆಲಿನ ಮರೆ ಮಾಡಿ ನಾನು ಮುಚ್ಚಿಟ್ಟದ್ದನ್ನು ಇಡೀ ಬಿಲ್ಡಿಂಗು ದಿನಾ ನೋಡುತ್ತಿತ್ತು! ನೋಡಿ, ಅತ್ತೆ ಇವತ್ತೂ ಇದ್ದಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿತ್ತು. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಒಳಗಿನಿಂದ ಅತ್ತೆ ತುಳುವಿನಲ್ಲಿ, “ಏರ್ ಬತ್ತಿನಿ?” ಎಂದು ಗದರಿಸಿದರು. ಯಾರು ಬಂದದ್ದು ಎಂದು. ಆ ದನಿ ಕೇಳಿದ್ದೇ ಮೂವರೂ ಒಟ್ಟಿಗೆ ನಕ್ಕುಬಿಟ್ಟರು. ನನಗೂ ನಗು ಬಂತು, ಹಿಂದೆಯೇ ಅಳುವೂ ಬಂತು. ಎಲ್ಲ ಹೇಳಿಬಿಟ್ಟೆ.

“ಉಂದೀರ್,” ಎಂದರು ಕಾಕು. ಕಾಕು ಎಂದರೆ ಚಿಕ್ಕಮ್ಮ, ಆ ಹಿರಿಯರನ್ನು ಎಲ್ಲರೂ ಹಾಗೇ ಕರೆಯುತ್ತಾರೆ. ಉಂದೀರ್ ಎಂದರೆ ಇಲಿ. ಪ್ಲಗ್ ತೆಗೆಸಿ, ಮೂವರೂ ಸೇರಿ ಮೆಷಿನ್ನನ್ನು ಗೋಡೆಗೆ ಓರೆ ಮಾಡಿದರು. ಹೌದು ಮಾರಾಯ್ರೇ, ಕೆಳಗಿನ ವಯರನ್ನು ಇಲಿ ಕಚ್ಚಿ ಎರಡು ತುಂಡು ಮಾಡಿತ್ತು. ಡೊಂಬಿವಲಿಯಲ್ಲಿ ಇದಾಗದ ಮನೆಯೇ ಇಲ್ಲವಂತೆ. ಮೆಕ್ಯಾನಿಕ್ ಬರುವವರೆಗೆ ಏನೂ ಮಾಡುವ ಹಾಗಿಲ್ಲ ಎಂದ ಕಾಕು, ನೇರ ಬಾತ್‌ರೂಮಿಗೆ ಹೋಗಿ ಬಕೆಟಿಗೆ ಕೈ ಹಾಕಿದರು.

ನಾನು ಓಡಿಹೋಗಿ ತಡೆದೆ. “ಬೇಡ ಕಾಕು! ನಿಮ್ಮ ಮನೆಯಲ್ಲಿ ಗಣಪತಿ ಕೂತಿದ್ದಾನೆ.” ನಮ್ಮ ಕಡೆ ಹಬ್ಬದ ಮನೆಯಲ್ಲಿ ಮಡಿಯ ಬಟ್ಟೆಗೆ ಮಕ್ಕಳು ತಾಗಿದರೇ ರಂಪ. ಇದು ಹೊಲಸಾದ ಬಟ್ಟೆ, ಅದೂ ಬೇರೆಯವರ ಮನೆಯದ್ದು.

ಕಾಕು ಬಕೆಟು ಬಿಡಲಿಲ್ಲ. “ಬಾಪ್ಪಾಲಾ ಪಣ್ ಆಯಿ ಆಹೇ,” ಎಂದರು. ಗಣಪತಿಗೂ ತಾಯಿ ಇದ್ದಾಳೆ. ಅಷ್ಟೇ ಹೇಳಿ ಎರಡು ಚಾದರ ತಾವು ತೆಗೆದುಕೊಂಡರು, ಉಳಿದದ್ದನ್ನು ಇನ್ನಿಬ್ಬರಿಗೆ ಹಂಚಿದರು. ನಾನು ಒದ್ದೆ ನೆಲದ ಮೇಲೆ ಬೆಪ್ಪಳ ಹಾಗೆ ನಿಂತೇ ಇದ್ದೆ.

ಮರುದಿನ ಬೆಳಗ್ಗೆ ಮಳೆ ಬಿಟ್ಟಿತ್ತು. ಕಿಟಕಿ ತೆರೆದೆ. ಎದುರಿನ ಎರಡನೇ ಮಹಡಿಯಲ್ಲಿ ಅತ್ತೆಯ ನೀಲಿ ಗೀಟಿನ ಚಾದರ. ಅದರ ಪಕ್ಕದ ಮನೆಯಲ್ಲಿ ಊರಿನ ಸಂತೆಯಲ್ಲಿ ಕೊಂಡ ಹಳದಿ ಹೂವಿನದ್ದು. ಮೇಲೆ, ಗಣಪತಿಗೆ ಕಟ್ಟಿದ ಮಾವಿನ ತೋರಣದ ಬದಿಯಲ್ಲೇ, ಸೀರೆಯ ತುಂಡುಗಳು. ಮರೆಗೆ ಒಂದು ಟವೆಲೂ ಇಲ್ಲ. ದೇವಸ್ಥಾನದಲ್ಲಿ ನಿಂತ ಹಾಗೆ ನನಗರಿವಿಲ್ಲದೆ ಕೈ ಮುಗಿದುಬಿಟ್ಟೆ. ಇಷ್ಟು ಸಣ್ಣ ಮನೆಗಳಲ್ಲಿ ಈ ಹೆಂಗಸರು ಇಷ್ಟೊಂದು ಜಾಗ ಎಲ್ಲಿ ಇಟ್ಟುಕೊಂಡಿದ್ದಾರೆ? ಒಳಗಿದ್ದ ಗಂಡನನ್ನು ಕರೆದು ತೋರಿಸಿದೆ. ಇವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

ಭಾವನಿಗೆ ಫೋನ್ ಮಾಡಿದೆ. “ಅತ್ತೆ ಇಲ್ಲೇ ಇರ್ಲಿ ಭಾವ.”

“ಹೌದಾ? ಮೆಷಿನ್ ಸರಿ ಆಯ್ತಾ ಹಾಗಾದ್ರೆ?”

“ಇಲ್ಲ, ಇನ್ನೂ ಆಗ್ಲಿಲ್ಲ.”

“ಆಯ್ತು, ನಿನ್ನಿಷ್ಟ,” ಎಂದರು. ದನಿ ಮೆತ್ತಗಾಗಿತ್ತು.

ಮಗನ ಫೋನೆಂದು ಗೊತ್ತಾದ ಅತ್ತೆ ದಿನಾ ಕೇಳುವುದನ್ನೇ ಕೇಳಿದರು. ಅವರ ತುಳುವನ್ನು ಕನ್ನಡದಲ್ಲಿ ಬರೆಯುತ್ತೇನೆ. “ಊರಿಗೆ ಯಾವಾಗ ಹೋಗುವುದು ನಾವು?”

“ಹೋಗುವಾ ಅತ್ತೆ, ಮಳೆ ಮುಗೀಲಿ.” ನಾನೂ ದಿನಾ ಹೇಳುವುದು ಇದನ್ನೇ. ಹೇಳುವಾಗೆಲ್ಲ ನನಗೂ ಒಂದು ಗಳಿಗೆ ಹೋಗಿಬಿಡೋಣ ಎನ್ನಿಸುತ್ತದೆ.

ಅತ್ತೆ ಕಿಟಕಿಯಾಚೆಗೆ ಕಣ್ಣು ಕಿರಿದು ಮಾಡಿ ನೋಡಿದರು. ಕಾಕು ಕಾಠಿ ಹಿಡಿದು ನೀಲಿ ಚಾದರವನ್ನು ತಿರುವಿ ಹಾಕುತ್ತಿದ್ದರು.

“ಆ ಹೆಂಗಸರನ್ನೂ ಕರ್ಕೊಂಡು ಹೋಗುವಾ,” ಎಂದರು ಅತ್ತೆ. “ಪಾಪ, ಎಷ್ಟು ಇಕ್ಕಟ್ಟಲ್ಲಿದ್ದಾರೆ. ನಮ್ಮಲ್ಲಿ ಒಣಗಿಸ್ಲಿಕ್ಕೆ ಜಾಗ ಬೇಕಾದಷ್ಟು ಉಂಟಲ್ಲ?”

ಹಿತ್ತಿಲಿದ್ದ ಊರಿನ ಮನೆ ಮಾರಿ ಆಗಿದೆ. ಅತ್ತೆಗೆ ನೆನಪಿಲ್ಲ.

“ಉಂಟು ಅತ್ತೆ,” ಎಂದೆ. “ಎಲ್ಲರೂ ಒಟ್ಟಿಗೇ ಹೋಗುವಾ.”