ಒಂದು ಸಲಕ್ಕೆ ಒಂದೇ ಬದಲಾವಣೆ

ಜೊತೆಯ ಕೆಲಸಗಾರರು ಅವನನ್ನು ಸ್ಕ್ರೀನ್ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಟೈಪ್ ಮಾಡುವವರು ಬಳಸುವ ಒಂದು ಎಡಿಟರ್ ತಂತ್ರಾಂಶ ಮಾರುವ ಕಂಪನಿ ಅವರದು. ಪರದೆಯ ಮೇಲೆ ಅಕ್ಷರ ಮಾಯವಾಯಿತು, ಸಾಲಿನ ಮೇಲೆ ಸಾಲು ಕೂತಿತು, ಅರ್ಧ ಕಿಟಕಿ ಕಪ್ಪಾಯಿತು ಎಂದು ಯಾರೇ ಗೋಳಾಡಿದರೂ ಫೋನು ಇವನಿಗೇ ಬರುತ್ತಿತ್ತು. ವಯಸ್ಸು ಐವತ್ತೊಂದು. ಮದುವೆಯ ಮಾತೆತ್ತಿದಾಗಲೆಲ್ಲ ಆಮೇಲೆ ನೋಡೋಣ ಎಂದು ಜಾರಿಕೊಂಡು, ಕೊನೆಗೆ ಮಾತೆತ್ತುವವರೇ ಇಲ್ಲದಂತೆ ಮಾಡಿಕೊಂಡ ಮಹಾನುಭಾವ. ಜೊತೆಗಿದ್ದ ಅಕ್ಕ ಮಗಳ ಬಾಣಂತನಕ್ಕೆಂದು ಹೋದವಳು ಅಲ್ಲೇ ಉಳಿದುಬಿಟ್ಟಳು. ಅದೇ ವರ್ಷ ಕಂಪನಿಯವರೂ ಇನ್ನು ಮನೆಯಿಂದಲೇ ಕೆಲಸ ಮಾಡಿ ಎಂದರು. ಸೋಮವಾರ ಮೊದಲ ಫೋನಿಗೆ ಹಲೋ ಎನ್ನಲು ಹೋದರೆ ದನಿಯೇ ಹೊರಡುತ್ತಿರಲಿಲ್ಲ. ಎರಡು ದಿನದಿಂದ ಅದಕ್ಕೆ ಕೆಲಸವೇ ಇರುತ್ತಿರಲಿಲ್ಲವಲ್ಲ, ಪಾಪ.

ಅಂಥದೊಂದು ಸೋಮವಾರ ಆ ಹೆಂಗಸಿನ ಫೋನು ಬಂತು. ವಕೀಲರೊಬ್ಬರಿಗೆ ಸಾಕ್ಷಿಗಳ ಹೇಳಿಕೆಗಳನ್ನು ಮನೆಯಲ್ಲೇ ಕೂತು ಟೈಪ್ ಮಾಡಿಕೊಡುವವಳು. ಮನೆಯಲ್ಲಿ ಅವಳು, ಹಾಸಿಗೆ ಹಿಡಿದ ಅತ್ತೆ, ಇಬ್ಬರೇ. ಸಂಸಾರ ನಡೆಯುತ್ತಿದ್ದದ್ದು ಆ ಟೈಪಿಂಗ್‌ನಿಂದಲೇ. ಈಗ ಬರೆದ ಸಾಲು ಕಣ್ಣೆದುರೇ ಇಲ್ಲವಾಗುತ್ತದೆ, ಬೇರೆ ಕಡೆ ನೋಡಿ ತಿರುಗುವಷ್ಟರಲ್ಲಿ ಮತ್ತೆ ಇರುತ್ತದೆ ಎಂದಳು. ತನ್ನ ಕಣ್ಣೇ ಹೋಗುತ್ತಿದೆಯೇನೋ ಎಂಬ ಭಯ ಅವಳಿಗೆ, ಯಾಕೆಂದರೆ ಅವಳ ತಾಯಿಗೂ ಇದೇ ವಯಸ್ಸಿನಲ್ಲಿ ದೃಷ್ಟಿ ಹೋಗಿತ್ತು.

ಸಾಲು ಮಾಯವಾದಾಗಲೇ ಕಂಪ್ಯೂಟರಿನಲ್ಲೇ ಪರದೆಯ ಚಿತ್ರ, ಸ್ಕ್ರೀನ್‌ಶಾಟ್, ತೆಗೆದು ಕಳಿಸಿ ಎಂದ. ಬಂದ ಚಿತ್ರದಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಅವನಿಗೆ ಅಷ್ಟೇ ಸಾಕಾಯಿತು. ಕಡತ ಸರಿಯಿದೆ, ಅದನ್ನು ಪರದೆಗೆ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಎಡವುತ್ತಿದೆ. ಎಡಿಟರಿನ ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ತೆಗೆದರೆ ಆ ಕಾರ್ಡಿನ ಸಹವಾಸವೇ ತಪ್ಪುತ್ತದೆ. ಅರ್ಧ ನಿಮಿಷದ ಕೆಲಸ. ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು, ಒಂದು ನಿಮಿಷ, ಅತ್ತೆ ಕರೆಯುತ್ತಿದ್ದಾರೆ ಎಂದು ಫೋನನ್ನು ಮೇಜಿನ ಮೇಲಿಟ್ಟು ಎದ್ದುಹೋದಳು.

ಇವನು ಕೇಳುತ್ತ ಕೂತ. ಲೋಟದ ಸದ್ದು. ಒಂದೇ ಗುಟುಕು ಎಂದು ಪುಸಲಾಯಿಸುವ ದನಿ. ಮುದುಕಿಯ ಗೊಣಗಾಟ. ಆಮೇಲೆ ಇಬ್ಬರೂ ಯಾವುದಕ್ಕೋ ನಕ್ಕರು. ನಾಲ್ಕು ನಿಮಿಷ ಒಂದು ಮನೆಯ ಸದ್ದು ಅವನ ಕಿವಿ ತುಂಬಿತ್ತು. ಅವಳು ವಾಪಸು ಬರುವಷ್ಟರಲ್ಲಿ ನಾಲಿಗೆಯ ತುದಿಯ ಮದ್ದನ್ನು ಈ ಡಾಕ್ಟರು ನುಂಗಿಬಿಟ್ಟಿದ್ದ.

"ಚಿತ್ರದಲ್ಲಿ ಎಲ್ಲಾ ಸಾಲೂ ಇವೆ ಮೇಡಂ, ಏನೂ ಹೋಗಿಲ್ಲ," ಎಂದ. "ಇವತ್ತು ಅಕ್ಷರದ ಗಾತ್ರ ಮಾತ್ರ ಬದಲಾಯಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ನಾಳೆ ಹೇಗಿದೆ ಹೇಳಿ."

ನಿಯಮವೇನೋ ಸರಿಯಾದದ್ದೇ. ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಆದರೆ ರೋಗ ಗೊತ್ತಿದ್ದೂ ಆ ನಿಯಮ ಹಿಡಿದು ಕೂರುವುದಕ್ಕೆ ಏನನ್ನಬೇಕೋ ನೀವೇ ಹೇಳಿ. ಮಂಗಳವಾರ ಬಣ್ಣ ಬದಲಾಯಿಸಿದ್ದಾಯಿತು, ಬುಧವಾರ ಅಕ್ಷರದ ಶೈಲಿ, ಗುರುವಾರ ಕೇಬಲ್ಲು, ಶುಕ್ರವಾರ ಇನ್ನೇನೋ. ದಿನಾ ಹತ್ತು ನಿಮಿಷ ಮಾತು. ಇಷ್ಟು ದಿನವಾದರೂ ಗುಣ ಮಾಡದವನು ಎಂಥ ಡಾಕ್ಟರು ಎಂದು ಅತ್ತೆ ಕೇಳಿದರಂತೆ; ಅವಳು ಹೇಳಿದಳು, ಇವನೂ ನಕ್ಕ. ಆ ವಾರ ಅವನು ದಿನಾ ಗಡ್ಡ ಬೋಳಿಸಿಕೊಂಡ, ಫೋನಿನಲ್ಲಿ ಯಾರಿಗೂ ಕಾಣುವುದಿಲ್ಲವೆಂದು ಗೊತ್ತಿದ್ದೂ.

ಮುಂದಿನ ಸೋಮವಾರ ಫೋನು ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು ತಾನೇ ಮಾಡಿದ.

"ಕೆಲಸ ಬಿಟ್ಟೆ ಸರ್," ಎಂದಳು. "ಚಿತ್ರದಲ್ಲಿ ಎಲ್ಲಾ ಸಾಲೂ ಇದೆ ಅಂದ್ರಿ. ಇದ್ದದ್ದು ನನಗೆ ಕಾಣ್ತಿಲ್ಲ ಅಂದ್ರೆ ಕಣ್ಣಿಂದೇ ತೊಂದರೆ ಅಲ್ವಾ? ಬೇರೆಯವರನ್ನ ನೋಡ್ಕೊಳ್ಳಿ ಅಂತ ಶನಿವಾರ ವಕೀಲರಿಗೆ ಹೇಳ್ಬಿಟ್ಟೆ."

ಅವನು ತೊದಲುತ್ತ ಆ ಟಿಕ್ ಎಲ್ಲಿದೆ ಎಂದು ಹೇಳಿದ. ಅವಳು ತೆಗೆದಳು, ಎಡಿಟರ್ ಮುಚ್ಚಿ ತೆರೆದಳು, ಪುಟವನ್ನು ಮೇಲೆ ಕೆಳಗೆ ಓಡಿಸಿದಳು. ಸಾಲುಗಳು ಅಲ್ಲಾಡದೆ ನಿಂತಿದ್ದವು. ಇದು ಯಾವಾಗ ಗೊತ್ತಾಯಿತು ಎಂದು ಕೇಳಿದಳು. ಸುಳ್ಳು ಹೇಳಲು ಅವನಿಗೆ ಇನ್ನು ಮನಸ್ಸಾಗಲಿಲ್ಲ.

"ಮೊದಲನೇ ದಿನವೇ," ಎಂದ.

ಇವನು ವಕೀಲರ ನಂಬರು ಕೇಳಿ ಪಡೆದು ತಕ್ಷಣ ಫೋನು ಹಚ್ಚಿದ. ಅವಳ ಕಣ್ಣು ಚೆನ್ನಾಗಿದೆ, ತಪ್ಪು ನನ್ನದು ಎಂದ. ವಕೀಲರು ಸಮಾಧಾನದಿಂದಲೇ ಕೇಳಿಸಿಕೊಂಡರು. ಹೊಸಬರೊಬ್ಬರು ಇವತ್ತು ಬೆಳಿಗ್ಗೆಯಷ್ಟೇ ಸೇರಿಕೊಂಡರು, ಬಂದವರನ್ನು ಹೋಗಿ ಎನ್ನಲಾಗುವುದಿಲ್ಲ ಎಂದರು.

ಅದನ್ನು ಅವಳಿಗೆ ತಿಳಿಸಬೇಕಿತ್ತು. ಐದು ದಿನ ನೆಪ ಹುಡುಕಿದವನಿಗೆ ಈಗ ನಿಜವಾದ ಕಾರಣವೇ ಸಿಕ್ಕಿತ್ತು, ಕೈ ಮಾತ್ರ ಮುಂದೆ ಹೋಗಲೊಲ್ಲದು. ಕೊನೆಗೂ ಮಾಡಿದ. ವಕೀಲರ ಮಾತು ಹೇಳಿದ. ಯಾಕೆ ಹೀಗೆ ಮಾಡಿದೆ ಎಂಬುದನ್ನೂ ಮುಚ್ಚಿಡದೆ ಹೇಳಿದ: ಮನೆಯಲ್ಲಿ ಒಬ್ಬನೇ, ಮಾತಿಗೆ ಯಾರೂ ಇಲ್ಲ, ಸರಿ ಮಾಡಿಬಿಟ್ಟರೆ ನಿಮ್ಮ ಫೋನು ನಿಂತುಹೋಗುತ್ತದಲ್ಲ ಅನ್ನಿಸಿತು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಈ ಮನೇಲಿ ನನ್ನ ಹತ್ರ ಮಾತಾಡೋಕೂ ಅತ್ತೆ ಬಿಟ್ರೆ ಇನ್ಯಾರಿದ್ದಾರೆ ಸರ್," ಎಂದಳು. "ಮೊದಲನೇ ದಿನ ಸರಿ ಮಾಡಿ, ನಾಳೆನೂ ಫೋನ್ ಮಾಡಿ ಅಂದಿದ್ರೆ, ಮಾಡ್ತಿದ್ದೆ."

ಫೋನಿಟ್ಟಳು. ಅವನು ಹೆಡ್‌ಫೋನು ತೆಗೆಯದೆ ಕೂತೇ ಇದ್ದ.