ಒಂದೇ ನಂಬರು, ಒಂದೇ ಹೆಸರು

ಕಡೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನು. ಮೊದಲಿಗೆ ತರೀಕೆರೆಯಲ್ಲಿ ತೆಗೆದ ರಕ್ತ ಮಾತ್ರ ಐಸ್ ಡಬ್ಬಿಯಲ್ಲಿ, ಬೆಳಗಿನ ಬಸ್ಸಿಗೆ ಬರುತ್ತಿತ್ತು. ರಕ್ತದ ಟ್ಯೂಬುಗಳಿಗೆ ಪ್ರತಿದಿನ ಒಂದರಿಂದ ನಂಬರು ಶುರು. ಆಮೇಲೆ ಅಜ್ಜಂಪುರದಲ್ಲೂ ರಕ್ತ ತೆಗೆಯತೊಡಗಿದರು. ಅಲ್ಲಿಯೂ ನಂಬರು ಒಂದರಿಂದಲೇ.

ಎರಡೂ ಊರಿನ ನಂಬರುಗಳು ಬೆರೆತುಹೋದ ದಿನ ಲ್ಯಾಬಿನ ಯಜಮಾನರು ಫೋನ್ ಮಾಡಿದರು. ಊರಿಗೊಂದು ಗುರುತು ಸೇರಿಸಬೇಕು, ಎರಡು ವಾರ ಬೇಕು ಎಂದೆ. ಜನ ಬಾಗಿಲಲ್ಲೇ ನಿಂತಿದ್ದಾರೆ ಎಂದರು.

"ಸದ್ಯಕ್ಕೆ ಏನಾದ್ರೂ ಮಾಡ್ಕೊಡಪ್ಪಾ. ಆಮೇಲೆ ನೋಡ್ಕಂಡ್ರಾಯ್ತು."

ಅರ್ಧ ಗಂಟೆಯಲ್ಲಿ ಮಾಡಿಕೊಟ್ಟೆ. ನಂಬರು ಒಂದೇ ಆಗಿದ್ದರೆ ಹೆಸರು ನೋಡು. ಹೆಸರೂ ಒಂದೇ ಆಗಿದ್ದರೆ ಕೊನೆಗೆ ಬಂದ ಫಲಿತಾಂಶ ತೆಗೆದುಕೋ. ಹಾಗೆ ಬಂದರೆ ಅದು ಅದೇ ರೋಗಿಯ ಮರುಪರೀಕ್ಷೆಯೇ ಇರಬೇಕು ಎಂದುಕೊಂಡಿದ್ದೆ. ಆ ಸಾಲಿನ ಮೇಲೆ 'ಸದ್ಯಕ್ಕೆ' ಎಂದು ಬರೆದಿಟ್ಟೆ. ಅಂಥ ಸದ್ಯಕ್ಕೆಗಳು ಆ ಪ್ರೋಗ್ರಾಮಿನಲ್ಲಿ ಇನ್ನೂ ಇದ್ದವು. ಒಂದನ್ನು ಮುಟ್ಟಿದರೆ ಇನ್ನೊಂದು ಕೆಡುತ್ತಿತ್ತು. ಎರಡು ವರ್ಷ ಯಾವುದನ್ನೂ ಮುಟ್ಟಲಿಲ್ಲ.

ಅಂತರಘಟ್ಟೆಯ ದೇವಿ ಅಮ್ಮನಿಗೆ ಹರಕೆ ಹೊತ್ತು ಪಡೆದ ಹೆಣ್ಣುಮಗುವಿಗೆ ಅಮ್ಮನ ಹೆಸರನ್ನೇ ಇಡುವುದು ನಮ್ಮ ಕಡೆ ರೂಢಿ. ನನ್ನ ಅಜ್ಜಿಯ ಹೆಸರೂ ಅದೇ. ಒಂದೇ ಹೆಸರಿನವರು ಇಷ್ಟೊಂದು ಜನ ಇರುತ್ತಾರೆಂದು ಗೊತ್ತಿರಲಿಲ್ಲ ಎಂದು ಬೇರೆ ಸೀಮೆಯವನಾಗಿದ್ದರೆ ಹೇಳಬಹುದಿತ್ತು.

ಒಂದು ದಿನ ಆ ಹೆಸರಿನ ಇಬ್ಬರಿಗೆ ಹನ್ನೊಂದನೇ ನಂಬರು ಬಂತು. ಅಮೃತಾಪುರದವರೊಬ್ಬರು ತರೀಕೆರೆಯಲ್ಲಿ ರಕ್ತ ಕೊಟ್ಟಿದ್ದರು, ಇನ್ನೊಬ್ಬರು ಅಜ್ಜಂಪುರದಲ್ಲಿ. ಅಮೃತಾಪುರದವರ ರಿಪೋರ್ಟಿನಲ್ಲಿ ಊರು, ವಯಸ್ಸು ಅವರದೇ ಇತ್ತು. ಸಕ್ಕರೆಯ ಅಂಕಿ ಮಾತ್ರ ಇನ್ನೊಬ್ಬರದು. ಸಕ್ಕರೆ ಕಾಯಿಲೆ ಇಲ್ಲವೆಂದು ಅವರು ನಿಶ್ಚಿಂತರಾದರು. ಹೊಲದಲ್ಲಿ ಮುಳ್ಳು ಚುಚ್ಚಿದ ಗಾಯ ಮಾಯದಿದ್ದಾಗಲೂ ಅರಿಸಿನ ಹಚ್ಚಿಕೊಂಡು ಓಡಾಡಿದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಾಲ್ಬೆರಳುಗಳು ಕಪ್ಪಾಗಿದ್ದವು. ಎರಡನ್ನು ತೆಗೆದರು.

ಆಸ್ಪತ್ರೆಯವರು ಹಳೆಯ ರಿಪೋರ್ಟ್ ನೋಡಿ ಲ್ಯಾಬನ್ನು ಕೇಳಿದಾಗ ಯಜಮಾನರು ನನ್ನನ್ನು ಕರೆಸಿದರು. ಮಷಿನ್ನಿನ ದಾಖಲೆಯನ್ನೂ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ಮೂರು ಸಲ ನೋಡಿದೆ. ತಪ್ಪು ನನ್ನ ಸಾಲಿನದೇ. ಆ ಒಂದು ಹೆಸರಿಗೆ ಮಾತ್ರ ತಡೆ ಹಾಕು, ಲ್ಯಾಬ್ ನಿಲ್ಲಿಸಲಾಗದು ಎಂದರು ಯಜಮಾನರು. ನಾನು ಒಪ್ಪಲಿಲ್ಲ. ಕಂಪ್ಯೂಟರಿನಿಂದ ರಿಪೋರ್ಟ್ ತೆಗೆಯುವುದನ್ನೇ ನಿಲ್ಲಿಸಿ, ಕೈಯಲ್ಲಿ ಬರೆಯುವಂತೆ ಮಾಡಿ, ಅಮೃತಾಪುರದವರಿದ್ದ ತರೀಕೆರೆಯ ಆಸ್ಪತ್ರೆಗೆ ಹೋದೆ.

ಆಕೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ತಪ್ಪು ನನ್ನದು ಎಂದೆ. ಹೇಗಾಯಿತೆಂದೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು, ಬೈಯಲಿಲ್ಲ.

"ಸಕ್ರೆ ಇಲ್ಲ ಅಂದಿದ್ಕೆ ಅವತ್ತು ಹೋಳ್ಗೆ ಮಾಡಿದ್ದೆ ಕಣಪ್ಪಾ," ಎಂದರು.

ಆಮೇಲೆ ದಿಂಬಿನ ಕೆಳಗಿಂದ ಇನ್ನೊಂದು ಕಾಗದ ತೆಗೆದರು. ಕಳೆದ ತಿಂಗಳು ನಮ್ಮ ಲ್ಯಾಬಿನಲ್ಲೇ ಮಾಡಿಸಿದ ಕಿಡ್ನಿ ಪರೀಕ್ಷೆಯ ರಿಪೋರ್ಟ್.

"ಇದಾದ್ರೂ ನಂದೇನಾ ನೋಡು."

ಊರು ಸರಿಯಿತ್ತು, ವಯಸ್ಸು ಸರಿಯಿತ್ತು. ಅಂಕಿಗಳೂ ಚೆನ್ನಾಗಿದ್ದವು, ಸಕ್ಕರೆಯ ರಿಪೋರ್ಟಿನಲ್ಲಿದ್ದ ಹಾಗೆಯೇ. ಇನ್ನೊಂದು ಸಲ ರಕ್ತ ಕೊಡಬೇಕಾಗುತ್ತೆ ಎಂದೆ. ಆಕೆ ಕಾಗದವನ್ನು ವಾಪಸ್ ತೆಗೆದುಕೊಳ್ಳಲಿಲ್ಲ.